ದಿಕ್ಕುಳ್ಳ ಜಾಲ ಮತ್ತು ಪೂರ್ವಕವಿ ಸ್ಮರಣೆ

1

ಬೊರಿವಲಿಯ ಪೂರ್ವಕ್ಕೆ, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡಿನ ನಡುವೆ ಇರುವ ಕಾನ್ಹೇರಿಯ ಬೌದ್ಧ ಗುಹೆಗಳು ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೆ ಪರಕೀಯವಾದವುಗಳಲ್ಲ. ಅಲ್ಲಿನ ಸಂಸ್ಕೃತ ಶಾಸನಗಳಲ್ಲಿ ಶಕ 775 ಮತ್ತು 799ರವು ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯನ್ನು ಉಲ್ಲೇಖಿಸುತ್ತವೆ. ಅವನ ಅಧೀನನಾಗಿ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ಕಪರ್ದಿಯನ್ನು ಹೆಸರಿಸುತ್ತವೆ. ಜೊತೆಗೆ ಭಿಕ್ಷುಸಂಘಕ್ಕೆ ಸಂದ ದಾನವನ್ನು ದಾಖಲಿಸುತ್ತವೆ. ಈ ಅಮೋಘವರ್ಷನೇ ನಮ್ಮ ನೃಪತುಂಗ. ಸುಮಾರು ಕ್ರಿ.ಶ. 850ರ ವೇಳೆಗೆ ಅವನ ಆಸ್ಥಾನದಲ್ಲಿ ಶ್ರೀವಿಜಯನ ಕೈಯಿಂದ ರೂಪುಗೊಂಡ 'ಕವಿರಾಜಮಾರ್ಗ'ವೇ ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥ.

ಈ ಶಾಸನಗಳಲ್ಲಿ ಗಮನಿಸಬೇಕಾದ ಒಂದು ಸಾಮಾನ್ಯ ಸಂಗತಿಯಿದೆ. ದಾನಿಯು ಮಾಂಡಲಿಕನನ್ನು ಹೆಸರಿಸುತ್ತಾನೆ, ಮಾಂಡಲಿಕನ ಮೇಲಿನ ಸಾಮ್ರಾಟನನ್ನೂ ಹೆಸರಿಸುತ್ತಾನೆ. ಆದರೆ ಸಾಮ್ರಾಟನ ಪ್ರಶಸ್ತಿಯಲ್ಲಿ ಈ ದಾನಿಗೆ ಸ್ಥಾನವಿರಬೇಕೆಂಬ ನಿಯಮವಿಲ್ಲ. ಹೆಸರಿಸುವಿಕೆ ಒಂದು ಸಂಬಂಧ. ಆದರೆ ಅದು ಎರಡೂ ಕಡೆಗೆ ಸಮನಾದ ಸಂಬಂಧವಲ್ಲ. ಅದಕ್ಕೊಂದು ದಿಕ್ಕಿದೆ. ನಮ್ಮ ಪ್ರಾಚೀನ ಕವಿಗಳು ಕಾವ್ಯಾರಂಭದಲ್ಲಿ ಮಾಡುವ ಪೂರ್ವಕವಿ ಸ್ಮರಣೆಯೂ ಇಂತಹುದೇ. ನಯಸೇನನು ಪಂಪನನ್ನು ನೆನೆಯಬಲ್ಲ. ಪಂಪನು ನಯಸೇನನನ್ನು ನೆನೆಯಲಾರ.

ಸಾಹಿತ್ಯ ಚರಿತ್ರೆಕಾರರು ಕವಿಗಳನ್ನು ಗುಂಪುಗೂಡಿಸಲು ಹಲವು ಕ್ರಮಗಳನ್ನು ಅನುಸರಿಸಿದ್ದಾರೆ. ಜೈನ, ವೀರಶೈವ, ಬ್ರಾಹ್ಮಣ ಎಂಬ ಮತಾನುಸಾರಿಯಾದ ವಿಭಜನೆ ಒಂದು. ಪಂಪಯುಗ, ಬಸವಯುಗ, ಕುಮಾರವ್ಯಾಸಯುಗ ಎಂದು ಯುಗಪುರುಷರನ್ನು ಹಿಡಿದು ರಂ.ಶ್ರೀ. ಮುಗಳಿಯವರು 1953ರ ತಮ್ಮ ಚರಿತ್ರೆಯಲ್ಲಿ ಅನುಸರಿಸಿದ ಕ್ರಮ ಇನ್ನೊಂದು. ಎರಡರಲ್ಲಿಯೂ ಗುಂಪಿನ ಲಕ್ಷಣವನ್ನು ನಿರ್ಧರಿಸುವವನು ಚರಿತ್ರೆಕಾರ. ಕವಿಗಳು ತಾವೇ ಯಾರನ್ನು ನೆನೆದರು, ಯಾರನ್ನು ಬಿಟ್ಟರು ಎಂಬುದನ್ನೇ ಆಧಾರವಾಗಿಟ್ಟುಕೊಂಡರೆ ಎಂತಹ ಗುಂಪುಗಳು ಕಂಡಾವು? ಈ ಪ್ರಶ್ನೆಯನ್ನು ಕೇಳಲು ಗಣಿತಶಾಸ್ತ್ರವು ಎರಡು ಸಾಧನಗಳನ್ನು ಒದಗಿಸಿದೆ: ಜಾಲದ ಮೇಲಿನ ಯಾದೃಚ್ಛಿಕ ನಡಿಗೆ ಮತ್ತು ರೋಹಿತದ ಮೂಲಕ ಗುಂಪುಗಳನ್ನು ಗುರುತಿಸುವ ವಿಧಾನ. ಇವನ್ನು ಕನ್ನಡದ ವಿದ್ಯಾರ್ಥಿಗೆ ಪರಿಚಯಿಸುವುದೂ, ಸ್ಮರಣೆಯ ದಿಕ್ಕನ್ನು ಅಳಿಸಿ ಇವನ್ನು ಬಳಸಿದರೆ ಏನನ್ನು ಕಳೆದುಕೊಳ್ಳುತ್ತೇವೆಂದು ತೋರಿಸುವುದೂ ಪ್ರಸ್ತುತ ಲೇಖನದ ಉದ್ದೇಶ.

2

ಮೊದಲು ಪರಿಭಾಷೆ. ಪ್ರತಿಯೊಬ್ಬ ಕವಿಯನ್ನೂ ಒಂದು ಬಿಂದುವೆಂದು ತಿಳಿಯೋಣ. ಒಬ್ಬನು ಇನ್ನೊಬ್ಬನನ್ನು ಹೆಸರಿಸಿದ್ದರೆ ಹೆಸರಿಸಿದವನಿಂದ ಹೆಸರಿಸಲ್ಪಟ್ಟವನ ಕಡೆಗೆ ಒಂದು ಬಾಣವನ್ನು ಎಳೆಯೋಣ. ಹೀಗೆ ದೊರೆಯುವ ಚಿತ್ರವೇ ದಿಕ್ಕುಳ್ಳ ಜಾಲ. ಬಾಣಗಳ ಮೊನೆಯನ್ನು ಅಳಿಸಿ ಬರಿಯ ಗೆರೆಗಳನ್ನು ಉಳಿಸಿದರೆ ಅದು ದಿಕ್ಕಿಲ್ಲದ ಜಾಲ. ಇದೇ ಸಂಗತಿಯನ್ನು ಅಂಕಿಗಳ ಚೌಕಟ್ಟಿನಲ್ಲಿಯೂ ಬರೆಯಬಹುದು. ಅಡ್ಡಸಾಲಿನ ಕವಿ ಕಂಬಸಾಲಿನ ಕವಿಯನ್ನು ಹೆಸರಿಸಿದ್ದರೆ 1, ಇಲ್ಲವಾದರೆ 0. ಈ ಚೌಕಟ್ಟಿಗೆ ಗಣಿತದಲ್ಲಿ ಮಾತೃಕೆ ಎಂದು ಹೆಸರು. ಗ್ರಂಥಸಂಪಾದನೆಯಲ್ಲಿ ನಾವು ಬಳಸುವ ಮಾತೃಕೆ ಎಂಬ ಮಾತಿಗೂ ಇದಕ್ಕೂ ಅರ್ಥಸಂಬಂಧವಿಲ್ಲವೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ಯಾದೃಚ್ಛಿಕ ನಡಿಗೆ ಎಂದರೆ, ಒಂದು ಬಿಂದುವಿನಲ್ಲಿ ನಿಂತವನು ಅಲ್ಲಿಂದ ಹೊರಡುವ ಬಾಣಗಳಲ್ಲಿ ಒಂದನ್ನು ಯಾವ ಪಕ್ಷಪಾತವೂ ಇಲ್ಲದೆ, ಚೀಟಿಯೆತ್ತಿದಂತೆ, ಆರಿಸಿಕೊಂಡು ಮುಂದಿನ ಬಿಂದುವಿಗೆ ಹೋಗುವುದು. ಅಲ್ಲಿ ಮತ್ತೆ ಹಾಗೆಯೇ ಮಾಡುವುದು. ಈ ನಡಿಗೆಯ ಸಮಸ್ಯೆಗೆ ಅದರ ಹೆಸರನ್ನು ಕೊಟ್ಟವನು ಇಂಗ್ಲೆಂಡಿನ ಕಾರ್ಲ್ ಪಿಯರ್ಸನ್, 1905ರಲ್ಲಿ. ಮುಂದಿನ ಹೆಜ್ಜೆಯು ಈಗ ನಿಂತ ಸ್ಥಳವನ್ನು ಮಾತ್ರ ಅವಲಂಬಿಸುವ ಇಂತಹ ಸರಣಿಗಳ ಸಿದ್ಧಾಂತವನ್ನು ಕಟ್ಟಿದವನು ರಷ್ಯಾದ ಮಾರ್ಕೊವ್. ಅವನು 1913ರಲ್ಲಿ ತನ್ನ ಸಿದ್ಧಾಂತಕ್ಕೆ ಆರಿಸಿಕೊಂಡ ಉದಾಹರಣೆ ಸಾಹಿತ್ಯದ್ದೇ ಆಗಿತ್ತು ಎಂಬುದು ನಮಗೆ ಗಮನಾರ್ಹ. ಪುಷ್ಕಿನ್ನನ 'ಯೆವ್ಗೆನಿ ಒನೆಗಿನ್' ಕಾವ್ಯದ ಮೊದಲ 20,000 ಅಕ್ಷರಗಳಲ್ಲಿ ಸ್ವರದ ಬಳಿಕ ಸ್ವರ ಎಷ್ಟು ಸಲ, ವ್ಯಂಜನ ಎಷ್ಟು ಸಲ ಬರುತ್ತದೆಂದು ಅವನು ಕೈಯಿಂದಲೇ ಎಣಿಸಿದನು. ಕಾವ್ಯ ಮತ್ತು ಗಣಿತಗಳ ಈ ಸಂಬಂಧ ಹೊಸದಾಗಿ ತಂದು ಹೇರಿದುದಲ್ಲ.

ದಿಕ್ಕಿನ ಮಹತ್ತ್ವವನ್ನು ಮುಂಬಯಿಯ ಓದುಗರಿಗೆ ವಿವರಿಸುವುದು ಕಷ್ಟವಲ್ಲ. ಪಶ್ಚಿಮ ರೈಲ್ವೆಯ ನಕ್ಷೆಯನ್ನು ನೋಡಿದರೆ ಬೊರಿವಲಿಗೂ ಚರ್ಚ್‌ಗೇಟಿಗೂ ನಡುವೆ ಒಂದು ಗೆರೆಯಿದೆ. ಆ ಗೆರೆಗೆ ಮೊನೆಯಿಲ್ಲ. ಆದರೆ ಬೆಳಗಿನ ಜನಪ್ರವಾಹಕ್ಕೆ ದಿಕ್ಕಿದೆ. ಬೊರಿವಲಿಯಿಂದ ಅಂಧೇರಿ, ದಾದರ, ಚರ್ಚ್‌ಗೇಟುಗಳ ಕಡೆಗೆ ಹರಿಯುವ ಜನರಿಗೂ ಅದೇ ವೇಳೆಯಲ್ಲಿ ಎದುರಿನಿಂದ ಬರುವವರಿಗೂ ಸಾಮ್ಯವಿಲ್ಲ. ನಕ್ಷೆಯನ್ನಷ್ಟೇ ಬಲ್ಲವನು ಈ ನಗರದ ಬೆಳಗನ್ನು ಅರಿಯಲಾರ. ಗೆರೆ ಸಂಬಂಧವಿದೆಯೆಂದು ಹೇಳುತ್ತದೆ. ಬಾಣ ಆ ಸಂಬಂಧದ ಸ್ವರೂಪವನ್ನು ಹೇಳುತ್ತದೆ.

3

ಈಗ ಒಂದು ಚಿಕ್ಕ ಜಾಲವನ್ನು ನಮ್ಮ ಸಾಹಿತ್ಯದಿಂದಲೇ ಕಟ್ಟೋಣ. ಇದಕ್ಕೆ ಮೂರು ಉಲ್ಲೇಖಗಳು ಸಾಕು.

ಒಂದು: ಪೊನ್ನನು ಕನ್ನಡ ಕವಿತೆಯಲ್ಲಿ ತಾನು ಅಸಗನಿಗಿಂತ ನೂರು ಪಾಲು ಮಿಗಿಲೆಂದು ಹೇಳಿಕೊಳ್ಳುತ್ತಾನೆ. ಎರಡು: ರನ್ನನು 993ರ 'ಅಜಿತಪುರಾಣ'ದಲ್ಲಿ ಪಂಪ, ಪೊನ್ನ ಮತ್ತು ತಾನು ಎಂಬ ಮೂವರನ್ನು ರತ್ನತ್ರಯವೆಂದು ಎಣಿಸುತ್ತಾನೆ. ಮೂರು: ಸುಮಾರು 1112ರಲ್ಲಿ 'ಧರ್ಮಾಮೃತ'ವನ್ನು ಬರೆದ ನಯಸೇನನು ಅಸಗನ ದೇಸಿ, ಪೊನ್ನನ ಬೆಡಗು, ಪಂಪನ ರಸ, ಗಜಾಂಕುಶನ ಅರ್ಥದೃಷ್ಟಿ, ಗುಣವರ್ಮನ ಜಾಣ್ಮೆ, ರನ್ನನ ಓಜೆ ಎಂದು ಆರು ಮಂದಿಯ ಆರು ಗುಣಗಳನ್ನು ಬಯಸುತ್ತಾನೆ. ಪೊನ್ನನು ಕಾಳಿದಾಸನನ್ನೂ ಹೆಸರಿಸಿದ್ದಾನಾದರೂ ಇಲ್ಲಿ ಕನ್ನಡ ಕವಿಗಳಿಗಷ್ಟೇ ಸೀಮಿತರಾಗೋಣ. ಪಂಪನು ಹಿಂದಿನ ಕನ್ನಡ ಕವಿಗಳ ಹೆಸರಿನ ಪಟ್ಟಿಯನ್ನು ಕೊಡುವುದಿಲ್ಲ. ಆದ್ದರಿಂದ ಅವನಿಂದ ಹೊರಡುವ ಬಾಣವಿಲ್ಲ. ಅಸಗನ ಕನ್ನಡ ಕಾವ್ಯ, ಒಂದನೆಯ ಗುಣವರ್ಮನ 'ಶೂದ್ರಕ' ಮತ್ತು 'ಹರಿವಂಶ', ಗಜಾಂಕುಶನ ಕೃತಿ, ಇವು ಸಮಗ್ರವಾಗಿ ನಮಗೆ ಉಳಿದಿಲ್ಲ. ಆದ್ದರಿಂದ ಅವರಿಂದಲೂ ಬಾಣವಿಲ್ಲ.

ನಯಸೇನನಿಂದ ನಡಿಗೆಯನ್ನು ಆರಂಭಿಸೋಣ. ಮೊದಲ ಹೆಜ್ಜೆಯಲ್ಲಿ ಆರು ಕವಿಗಳಲ್ಲಿ ಪ್ರತಿಯೊಬ್ಬನನ್ನೂ ತಲುಪುವ ಸಂಭವನೀಯತೆ ಆರರಲ್ಲಿ ಒಂದು ಪಾಲು. ರನ್ನನನ್ನು ತಲುಪಿದವನು ಅಲ್ಲಿಂದ ಪಂಪನಿಗೆ, ಪೊನ್ನನಿಗೆ ಅಥವಾ ಮರಳಿ ರನ್ನನಿಗೇ ಹೋಗಬಹುದು. ರನ್ನನಲ್ಲಿಯೇ ಎಷ್ಟು ಸಲ ಸುತ್ತಿದರೂ ಕೊನೆಗೆ ಹೊರಬಂದಾಗ ಪಂಪನಿಗೂ ಪೊನ್ನನಿಗೂ ಸಮಪಾಲು. ಪೊನ್ನನನ್ನು ತಲುಪಿದವನು ತಪ್ಪದೆ ಅಸಗನಿಗೆ ಹೋಗುತ್ತಾನೆ. ಲೆಕ್ಕವನ್ನು ಮುಗಿಸಿದರೆ, ಹನ್ನೆರಡು ಪಾಲುಗಳಲ್ಲಿ ಐದು ಪಾಲು ಅಸಗನಲ್ಲಿ, ಮೂರು ಪಾಲು ಪಂಪನಲ್ಲಿ, ಎರಡೆರಡು ಪಾಲು ಗಜಾಂಕುಶ ಮತ್ತು ಗುಣವರ್ಮರಲ್ಲಿ ನಿಲ್ಲುತ್ತವೆ. ಪೊನ್ನ, ರನ್ನರಲ್ಲಿ ಏನೂ ನಿಲ್ಲುವುದಿಲ್ಲ.

ಫಲಿತಾಂಶ ಮೊದಲ ನೋಟಕ್ಕೆ ಆಶ್ಚರ್ಯಕರ. ಕನ್ನಡ ಕಾವ್ಯವೊಂದೂ ನಮ್ಮ ಕೈಗೆ ಬಾರದ ಅಸಗನು ಪಂಪನನ್ನು ಮೀರಿಸಿದ್ದಾನೆ. ಇದರಿಂದ ಅಸಗನು ಪಂಪನಿಗಿಂತ ದೊಡ್ಡ ಕವಿಯೆಂದು ತೀರ್ಮಾನಿಸುವುದು ಸಾಧುವಲ್ಲ. ಇದು ಬರಿಯ ಅಂಕಿಯಾಟವೆಂದು ತಳ್ಳಿಹಾಕುವುದೂ ಸಾಧುವಲ್ಲ. ಈ ಅಂಕಿಗಳು ಮೂರು ಸಂಗತಿಗಳನ್ನು ಬಯಲಿಗೆ ತರುತ್ತವೆ.

ಮೊದಲನೆಯದು, ಮೌನದ ಪ್ರಶ್ನೆ. ನಡಿಗೆ ನಿಲ್ಲುವುದು ಬಾಣವಿಲ್ಲದ ಬಿಂದುವಿನಲ್ಲಿ. ಪಂಪನಲ್ಲಿ ಅದು ನಿಲ್ಲಲು ಕಾರಣ ಪಂಪನ ಆಯ್ಕೆ: ಅವನು ಹೆಸರಿಸಲಿಲ್ಲ. ಅಸಗನಲ್ಲಿ ನಿಲ್ಲಲು ಕಾರಣ ಓಲೆಯ ನಾಶ: ಅವನು ಯಾರನ್ನು ಹೆಸರಿಸಿದ್ದನೆಂದು ತಿಳಿಯುವ ದಾರಿಯೇ ಮುಚ್ಚಿದೆ. ಗಣಿತಕ್ಕೆ ಈ ಎರಡು ಮೌನಗಳೂ ಒಂದೇ ಸೊನ್ನೆ. ಇವನ್ನು ಬೇರ್ಪಡಿಸುವುದು ಸಾಹಿತ್ಯ ವಿದ್ಯಾರ್ಥಿಯ ಕೆಲಸ.

ಎರಡನೆಯದು, ಬಾಣದ ಭಾವ. ಪೊನ್ನನು ಅಸಗನನ್ನು ನೆನೆದುದು ಗೌರವದಿಂದಲ್ಲ, ಸ್ಪರ್ಧೆಯಿಂದ. ಆ ಒಂದು ಬಾಣವನ್ನು ತೆಗೆದುಹಾಕಿದರೆ ಲೆಕ್ಕ ಬದಲಾಗುತ್ತದೆ: ಪಂಪ, ಪೊನ್ನರಿಗೆ ಮೂರು ಮೂರು ಪಾಲು, ಅಸಗ, ಗಜಾಂಕುಶ, ಗುಣವರ್ಮರಿಗೆ ಎರಡೆರಡು. ಒಂದು ಪದ್ಯದ ಧ್ವನಿಯನ್ನು ನಾವು ಹೇಗೆ ಅರ್ಥೈಸುತ್ತೇವೆಂಬುದರ ಮೇಲೆ ಮೊದಲ ಸ್ಥಾನ ಯಾರದೆಂಬುದು ನಿಂತಿದೆ. ಆದರೆ ಸ್ಪರ್ಧೆಯೂ ಒಂದು ಬಗೆಯ ಸ್ಮರಣೆಯೇ. ಅಳೆದುಕೊಳ್ಳಲು ಅಸಗನನ್ನೇ ಆರಿಸಿಕೊಂಡನೆಂದರೆ ಪೊನ್ನನ ಕಾಲದಲ್ಲಿ ಅಸಗನ ಎತ್ತರ ಎಷ್ಟಿದ್ದಿರಬೇಕು!

ಮೂರನೆಯದು, ಬಿಂದುವಿನ ಗುರುತು. ಸುಮಾರು 1260ರಲ್ಲಿ 'ಶಬ್ದಮಣಿದರ್ಪಣ'ವನ್ನು ರಚಿಸಿದ ಕೇಶಿರಾಜನು ತನ್ನ ವ್ಯಾಕರಣಕ್ಕೆ ಲಕ್ಷ್ಯವಾಗಿ ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ, ಸುಜನೋತ್ತಂಸ ಎಂಬ ಹತ್ತು ಮಂದಿಯನ್ನು ಹೆಸರಿಸುತ್ತಾನೆ. ಈ ಗಜಗನೂ ನಯಸೇನನ ಗಜಾಂಕುಶನೂ ಒಬ್ಬನೇ ಎಂದು ಹಿಡಿದರೆ ಒಂದು ಬಿಂದು, ಬೇರೆಯೆಂದರೆ ಎರಡು. ಕವಿ ಕಾಲ ವಿಚಾರದ ಹಳೆಯ ಚರ್ಚೆಗಳು ಇಲ್ಲಿ ಜಾಲದ ಆಕಾರವನ್ನೇ ನಿರ್ಧರಿಸುತ್ತವೆ. ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಮೂರು ಸಂಪುಟಗಳಿಲ್ಲದೆ (1907, 1919, 1929) ಇಂತಹ ಯಾವ ಜಾಲವನ್ನೂ ಕಟ್ಟಲಾಗುವುದಿಲ್ಲ.

4

ಇನ್ನು ಗುಂಪುಗಳ ವಿಚಾರ. ಜಾಲದ ಪ್ರತಿ ಬಿಂದುವಿಗೂ ಒಂದೊಂದು ಅಂಕಿಯನ್ನು ಕೊಡಬೇಕೆಂದು ಭಾವಿಸೋಣ. ನಿಯಮಗಳು ಎರಡು: ಗೆರೆಯಿಂದ ಕೂಡಿದ ಬಿಂದುಗಳಿಗೆ ಆದಷ್ಟು ಹತ್ತಿರದ ಅಂಕಿಗಳು ಬರಬೇಕು, ಆದರೆ ಎಲ್ಲಕ್ಕೂ ಒಂದೇ ಅಂಕಿಯನ್ನು ಕೊಟ್ಟು ತಪ್ಪಿಸಿಕೊಳ್ಳಬಾರದು, ಒಟ್ಟು ಮೊತ್ತ ಸೊನ್ನೆಯಾಗಬೇಕು. ಆಗ ಒಳಗೊಳಗೆ ದಟ್ಟವಾಗಿ ಹೆಣೆದುಕೊಂಡ ಒಂದು ಗುಂಪಿಗೆ ಧನ ಅಂಕಿಗಳೂ ಇನ್ನೊಂದಕ್ಕೆ ಋಣ ಅಂಕಿಗಳೂ ತಾವಾಗಿಯೇ ಬೀಳುತ್ತವೆ. ನಡುವೆ ಸೇತುವೆಯಾಗಿ ನಿಂತವನು ಸೊನ್ನೆಯ ಹತ್ತಿರ ಉಳಿಯುತ್ತಾನೆ. ಈ ಅಂಕಿಗಳು ಜಾಲದ ಮಾತೃಕೆಯಿಂದ ಹುಟ್ಟುವ ಲಾಕ್ಷಣಿಕ ಮೌಲ್ಯಗಳಿಗೆ ಸಂಬಂಧಿಸಿದವು. ಆ ಮೌಲ್ಯಗಳ ಸಮೂಹಕ್ಕೆ, ಬೆಳಕು ಏಳು ಬಣ್ಣಗಳಾಗಿ ಒಡೆಯುವುದನ್ನು ಹೋಲಿಸಿ, ರೋಹಿತವೆಂದು ಹೆಸರು. ಚೆಕ್ ಗಣಿತಜ್ಞ ಮಿರೊಸ್ಲಾವ್ ಫೀಡ್ಲರ್ 1973ರಲ್ಲಿ ಈ ಮೌಲ್ಯಗಳಲ್ಲಿ ಎರಡನೆಯದು ಜಾಲದ ಬಿಗಿತವನ್ನು ಅಳೆಯುತ್ತದೆಂದು ತೋರಿಸಿದನು. ಇದಕ್ಕೂ ನಡಿಗೆಗೂ ನಿಕಟ ಸಂಬಂಧವಿದೆ: ಗುಂಪು ಎಂದರೆ ನಡೆಯುವವನು ಒಮ್ಮೆ ಒಳಹೊಕ್ಕರೆ ಬಹಳ ಹೊತ್ತು ಹೊರಬರದ ಪ್ರದೇಶ.

ಒಂದೇ ಪಟ್ಟಿಯಲ್ಲಿ ಜೊತೆಯಾಗಿ ನೆನೆಯಲ್ಪಟ್ಟವರ ನಡುವೆ ಗೆರೆಯನ್ನೆಳೆದು ಇದನ್ನು ಪರೀಕ್ಷಿಸಬಹುದು. 'ಕವಿರಾಜಮಾರ್ಗ'ವು ಗದ್ಯದಲ್ಲಿ ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನೂ ಪದ್ಯದಲ್ಲಿ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲರನ್ನೂ ನೆನೆಯುತ್ತದೆ. ಇದರೊಂದಿಗೆ ನಯಸೇನನ ಆರು ಹೆಸರುಗಳನ್ನೂ ಕೇಶಿರಾಜನ ಹತ್ತು ಹೆಸರುಗಳನ್ನೂ ಸೇರಿಸಿದರೆ ಜಾಲವು ಸ್ಪಷ್ಟವಾಗಿ ಎರಡಾಗುತ್ತದೆ. ಎರಡು ಕಡೆಯ ಶ್ರೀವಿಜಯನೂ ಒಬ್ಬನೇ ಎಂದು ಹಿಡಿದರೆ, ಅವನೊಬ್ಬನೇ ಸೇತುವೆ. ಒಂದು ಕಡೆ ಹೆಸರು ಮಾತ್ರ ಉಳಿದ ಹಳೆಯ ಕವಿಗಳು. ಇನ್ನೊಂದು ಕಡೆ ಅಸಗ, ಗುಣವರ್ಮ, ಪಂಪ, ಪೊನ್ನರ ಬಳಗ. ಚರಿತ್ರೆಕಾರರು ಪಂಪಪೂರ್ವಯುಗ, ಪಂಪಯುಗ ಎಂದು ಎಳೆದ ಗೆರೆಗೆ ಇದು ಸಮೀಪವಾದರೂ ಅದೇ ಅಲ್ಲ. ಅಸಗ, ಗುಣವರ್ಮರು ಕಾಲದಿಂದ ಪಂಪಪೂರ್ವರು. ಸ್ಮರಣೆಯಿಂದ ಪಂಪನ ಬಳಗದವರು. ಮುಂದಿನ ಕವಿಗಳಿಗೆ ಅವರು ಪಂಪನೊಂದಿಗೇ ಓದಲ್ಪಡುತ್ತಿದ್ದ ಜೀವಂತ ಕವಿಗಳಾಗಿದ್ದರು.

5

ಇಲ್ಲಿಯವರೆಗೆ ಜೊತೆಯಾಗಿ ನೆನೆಯಲ್ಪಟ್ಟವರನ್ನು ಕೂಡಿಸಿದ್ದಾಯಿತು. ಬಾಣಗಳನ್ನೇ ಹಾಗೆಯೇ ಇಟ್ಟು ರೋಹಿತವನ್ನು ಕೇಳಿದರೆ ಏನಾಗುತ್ತದೆ? ಚಂಪೂ ಪರಂಪರೆಯಲ್ಲಿ ಬಾಣಗಳೆಲ್ಲ ಕಾಲದಲ್ಲಿ ಹಿಂದಕ್ಕೇ ಹೋಗುತ್ತವೆ. ಯಾವ ದಾರಿಯೂ ಹೊರಟಲ್ಲಿಗೆ ಮರಳುವುದಿಲ್ಲ. ಇಂತಹ ಮಾತೃಕೆಯ ಲಾಕ್ಷಣಿಕ ಮೌಲ್ಯಗಳೆಲ್ಲ ಸೊನ್ನೆಯೆಂಬುದು ಗಣಿತದ ನಿಯಮ. ನಾವು ಕಟ್ಟಿದ ಚಿಕ್ಕ ಜಾಲದಲ್ಲಿ ಸೊನ್ನೆಯಲ್ಲದ ಮೌಲ್ಯ ಒಂದೇ ಒಂದು. ಅದು ತನ್ನನ್ನೂ ರತ್ನತ್ರಯದಲ್ಲಿ ಎಣಿಸಿಕೊಂಡ ರನ್ನನ ಕೊಡುಗೆ!

ಆದ್ದರಿಂದ ದಿಕ್ಕುಳ್ಳ ಜಾಲಗಳಿಗೆ ಬೇರೆ ಉಪಾಯ ಬೇಕು. 1998ರಲ್ಲಿ ಸರ್ಗೇ ಬ್ರಿನ್ ಮತ್ತು ಲ್ಯಾರಿ ಪೇಜ್ ಅಂತರಜಾಲದ ಪುಟಗಳನ್ನು ಶ್ರೇಣೀಕರಿಸಲು ಬಳಸಿದ ಉಪಾಯ ಪ್ರಸಿದ್ಧವಾಗಿದೆ: ನಡೆಯುವವನು ನೂರರಲ್ಲಿ ಸುಮಾರು 85 ಸಲ ಬಾಣವನ್ನು ಅನುಸರಿಸುತ್ತಾನೆ, ಉಳಿದ 15 ಸಲ ಎಲ್ಲವನ್ನೂ ಬಿಟ್ಟು ಎಲ್ಲಿಯಾದರೂ ಒಂದು ಬಿಂದುವಿಗೆ ಜಿಗಿಯುತ್ತಾನೆ. ನಮ್ಮ ಸಂದರ್ಭದಲ್ಲಿ, ಓದುಗನು ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿ ಕಪಾಟಿನಿಂದ ಬೇರೊಂದನ್ನು ತೆಗೆದಂತೆ. ಆಗ ನಡಿಗೆ ಎಲ್ಲಿಯೂ ಸಿಕ್ಕಿಬೀಳುವುದಿಲ್ಲ. ದೀರ್ಘಕಾಲದಲ್ಲಿ ಪ್ರತಿ ಬಿಂದುವಿನಲ್ಲಿ ಅವನು ಕಳೆಯುವ ಕಾಲದ ಪಾಲು ಸ್ಥಿರವಾಗುತ್ತದೆ. ಈ ಸ್ಥಿರ ಪಾಲುಗಳನ್ನು ತೂಕವಾಗಿಟ್ಟುಕೊಂಡು, ಮುಂದಕ್ಕೆ ಹೋಗುವ ನಡಿಗೆಯನ್ನೂ ಅದನ್ನು ಹಿಮ್ಮುಖವಾಗಿಸಿದ ನಡಿಗೆಯನ್ನೂ ಸರಾಸರಿಗೊಳಿಸಿ ದಿಕ್ಕುಳ್ಳ ಜಾಲಕ್ಕೂ ರೋಹಿತವನ್ನು ಪಡೆಯುವ ಕ್ರಮವನ್ನು ಗಣಿತಜ್ಞೆ ಫಾನ್ ಚುಂಗ್ 2005ರಲ್ಲಿ ನಿರೂಪಿಸಿದರು. ಮೊನೆಗಳನ್ನು ಸುಮ್ಮನೆ ಅಳಿಸುವುದಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು. ಇಲ್ಲಿ ದಿಕ್ಕು ತೂಕದೊಳಗೆ ಉಳಿದಿರುತ್ತದೆ.

ಈ ಅಂತರ ಏಕೆ ಮುಖ್ಯವೆಂಬುದು ವಚನಕಾರರ ಕಡೆಗೆ ತಿರುಗಿದಾಗ ಸ್ಪಷ್ಟವಾಗುತ್ತದೆ. 12ನೆಯ ಶತಮಾನದ ಶರಣರು ಸಮಕಾಲೀನರು. ಬಸವಣ್ಣನವರ ವಚನಗಳಲ್ಲಿ ಪ್ರಭುದೇವ, ಚೆನ್ನಬಸವಣ್ಣರು ಬರುತ್ತಾರೆ. ಅಲ್ಲಮನ ವಚನಗಳಲ್ಲಿ ಬಸವಣ್ಣ ಬರುತ್ತಾನೆ. ಅಕ್ಕಮಹಾದೇವಿಯ ವಚನಗಳಲ್ಲಿ ಈ ಮೂವರೂ ಬರುತ್ತಾರೆ. ಇಲ್ಲಿ ಬಾಣಗಳು ಪರಸ್ಪರವಾದವು. ಒಬ್ಬರಿಂದ ಹೊರಟ ನಡಿಗೆ ಇನ್ನೊಬ್ಬರ ಮೂಲಕ ಮೊದಲಿನವರಿಗೇ ಮರಳುತ್ತದೆ. ಮಾದಾರ ಚೆನ್ನಯ್ಯ, ಜೇಡರ ದಾಸಿಮಯ್ಯರಂತಹ ಹಿರಿಯರ ಕಡೆಗೆ ಹೋಗುವ ಬಾಣಗಳೂ ಇವೆ. ಆದರೆ ಜಾಲದ ತಿರುಳು ಸುತ್ತಿ ಬರುವ ವರ್ತುಲ.

ಈಗ ಎರಡು ಜಾಲಗಳ ಮೊನೆಗಳನ್ನೂ ಅಳಿಸಿ ನೋಡಿದರೆ, ಚಂಪೂ ಕವಿಗಳೂ ಶರಣರೂ ಎರಡು ದಟ್ಟವಾದ ಗುಂಪುಗಳಾಗಿ ಕಾಣುತ್ತಾರೆ. ಜೈನರು, ವೀರಶೈವರು ಎಂಬ ಹಳೆಯ ವಿಭಜನೆಗಿಂತ ಹೆಚ್ಚಿನದೇನೂ ದೊರೆಯುವುದಿಲ್ಲ. ಮೊನೆಗಳನ್ನು ಉಳಿಸಿದರೆ ಮಾತ್ರ ಈ ಎರಡು ಗುಂಪುಗಳು ಎರಡು ಬೇರೆ ಜಾತಿಯ ರಚನೆಗಳೆಂದು ತಿಳಿಯುತ್ತದೆ. ಒಂದು ವಂಶಾವಳಿ, ಇನ್ನೊಂದು ಗೋಷ್ಠಿ. ಒಂದರಲ್ಲಿ ಕವಿ ತೀರಿಹೋದ ಹಿರಿಯನನ್ನು ನೆನೆಯುತ್ತಾನೆ, ಉತ್ತರವನ್ನು ನಿರೀಕ್ಷಿಸುವುದಿಲ್ಲ. ಇನ್ನೊಂದರಲ್ಲಿ ನೆನೆದವನನ್ನು ಅವನು ನೆನೆದವನೇ ಮತ್ತೆ ನೆನೆಯುತ್ತಾನೆ. ಪಂಪ ಮತ್ತು ಬಸವರ ನಡುವಣ ಭೇದವನ್ನು ನಾವು ಸಾಮಾನ್ಯವಾಗಿ ಮತ, ಛಂದಸ್ಸು, ಭಾಷೆಗಳಲ್ಲಿ ಹುಡುಕುತ್ತೇವೆ. ಸ್ಮರಣೆಯ ಆಕಾರದಲ್ಲಿಯೂ ಆ ಭೇದವಿದೆ. ಒಂದು ಪಕ್ಷ ಅಲ್ಲಿಯೇ ಅದು ಹೆಚ್ಚು ಮೂಲಭೂತವಾಗಿದೆ.

ಇದಕ್ಕೊಂದು ಎಚ್ಚರಿಕೆಯನ್ನೂ ಸೇರಿಸಬೇಕು. ವಚನಗಳು ನಮಗೆ ಬಂದಿರುವುದು ಬಹುಮಟ್ಟಿಗೆ 15ನೆಯ ಶತಮಾನದ ಮತ್ತು ಅನಂತರದ ಸಂಕಲನಗಳಿಂದ. ಶಿವಗಣಪ್ರಸಾದಿ ಮಹಾದೇವಯ್ಯನು 'ಶೂನ್ಯಸಂಪಾದನೆ'ಯಲ್ಲಿ ವಚನಗಳನ್ನು ಸಂವಾದವಾಗಿಯೇ ಜೋಡಿಸಿದನು. ವರ್ತುಲದ ಕೆಲವು ಬಾಣಗಳು ಶರಣರವೇ, ಸಂಕಲನಕಾರರವೇ ಎಂಬುದನ್ನು ಪಾಠಪರಿಷ್ಕರಣವೇ ಹೇಳಬೇಕು. ಗಣಿತವು ಗ್ರಂಥಸಂಪಾದನೆಯ ಬದಲಿಗೆ ಬರುವ ಶಾಸ್ತ್ರವಲ್ಲ. ಅದರ ಫಲವನ್ನು ಅವಲಂಬಿಸಿ ನಿಲ್ಲುವ ಶಾಸ್ತ್ರ.

6

ಒಟ್ಟಿನಲ್ಲಿ ಹೇಳುವುದಾದರೆ, ನಡಿಗೆ ಅಳೆಯುವುದು ಕಾವ್ಯದ ಯೋಗ್ಯತೆಯನ್ನಲ್ಲ, ಸ್ಮರಣೆಯ ಹರಿವನ್ನು. ಹೆಸರಿಸದೆಯೇ ಪಡೆದ ಋಣ ಅದರ ಕಣ್ಣಿಗೆ ಬೀಳುವುದಿಲ್ಲ. ಕೇಶಿರಾಜನ ಪಟ್ಟಿಯಲ್ಲಿ ರನ್ನನ ಹೆಸರಿಲ್ಲವೆಂದ ಮಾತ್ರಕ್ಕೆ ಅವನು ರನ್ನನನ್ನು ಓದಿರಲಿಲ್ಲವೆನ್ನಲಾಗದು. ನಾಗಚಂದ್ರನು ಅಭಿನವಪಂಪನೆಂದು ಕರೆದುಕೊಂಡಾಗ ಬಿರುದೇ ಒಂದು ಬಾಣವಾಗುತ್ತದೆ. 1369ರಲ್ಲಿ ಭೀಮಕವಿ ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯನ್ನು ಅನುಸರಿಸಿ 'ಬಸವಪುರಾಣ'ವನ್ನು ಬರೆದಾಗ ಬಾಣವು ಭಾಷೆಯ ಗಡಿಯನ್ನು ದಾಟುತ್ತದೆ. ಇವೆಲ್ಲವನ್ನೂ ಬೇರೆಬೇರೆ ಬಗೆಯ ಬಾಣಗಳಾಗಿ ಗುರುತಿಸಿ ಸಮಗ್ರ ಜಾಲವೊಂದನ್ನು ಸಿದ್ಧಪಡಿಸುವುದು ಒಬ್ಬನ ಕೆಲಸವಲ್ಲ. ಒಂದು ವಿಭಾಗದ ವಿದ್ಯಾರ್ಥಿಗಳೆಲ್ಲರೂ ಹಂಚಿಕೊಂಡು ಮಾಡಬಹುದಾದ ಕೆಲಸ.

ಮುಂಬಯಿಯಲ್ಲಿ ಕನ್ನಡವನ್ನು ಓದುವವರಿಗೆ ಇದರಲ್ಲಿ ಇನ್ನೊಂದು ಪ್ರಶ್ನೆಯೂ ಅಡಗಿದೆ. ಈ ನಗರದಲ್ಲಿದ್ದು ಬರೆದ ಕನ್ನಡ ಲೇಖಕರು ತಮ್ಮ ಮುನ್ನುಡಿಗಳಲ್ಲಿ, ಅರ್ಪಣೆಗಳಲ್ಲಿ, ವಿಮರ್ಶೆಗಳಲ್ಲಿ ಧಾರವಾಡ, ಮೈಸೂರು, ಮಂಗಳೂರುಗಳ ಲೇಖಕರನ್ನು ಎಷ್ಟು ಸಲ ನೆನೆದಿದ್ದಾರೆ? ಅಲ್ಲಿಂದ ಇಲ್ಲಿಗೆ ಎಷ್ಟು ಬಾಣಗಳು ಬಂದಿವೆ? ಸಂಬಂಧವಿದೆಯೆಂದು ಗೆರೆಯೆಳೆದು ಸಮಾಧಾನಪಡುವುದು ಸುಲಭ. ಆ ಸಂಬಂಧ ವಂಶಾವಳಿಯದೋ ಗೋಷ್ಠಿಯದೋ ಎಂದು ತಿಳಿಯಬೇಕಾದರೆ ಮೊನೆಗಳನ್ನು ಎಣಿಸಲೇಬೇಕು. ಎಣಿಕೆಗೆ ಬೇಕಾದ ಪುಸ್ತಕಗಳು ನಮ್ಮ ಗ್ರಂಥಾಲಯಗಳಲ್ಲಿವೆ. ಆ ಎಣಿಕೆಯನ್ನು ಕೈಗೆತ್ತಿಕೊಳ್ಳುವ ಸಂಶೋಧಕರಿಗೆ ಈ ಸಂಸ್ಮರಣ ಸಂಪುಟದ ಪುಟಗಳೂ, ಅವುಗಳಲ್ಲಿ ಯಾರು ಯಾರನ್ನು ನೆನೆದಿದ್ದಾರೆಂಬುದೂ, ಒಂದು ಆಕರವಾದೀತು.